ಪೆಟ್ರೋಲ್ ಕಾರೋ, ಬ್ಯಾಟರಿ ಕಾರೋ? ಹಾಲಿನ ಲೆಕ್ಕದಲ್ಲಿ ನೋಡೋಣ



ಚಿಕ್ಕಯ್ಯನಛತ್ರ ಹೋಬಳಿಯ ಊರುಗಳಲ್ಲಿ ಹಸುವಿನ ಚಿಕಿತ್ಸೆ ಮುಗಿದು ಕೈ ತೊಳೆಯುವ ಹೊತ್ತಿಗೆ ಈಗ ಹೊಸದೊಂದು ಪ್ರಶ್ನೆ ಬರುತ್ತಿದೆ. "ಮಗ ಕಾರು ತಗೋಬೇಕು ಅಂತಾನೆ. ಪೆಟ್ರೋಲ್‌ದು ತಗೊಂಡ್ರೆ ಒಳ್ಳೇದೋ, ಕರೆಂಟ್‌ದು ತಗೊಂಡ್ರೆ ಒಳ್ಳೇದೋ?" ಪಶುವೈದ್ಯರನ್ನು ಇದನ್ನೇಕೆ ಕೇಳುತ್ತಾರೆ ಅನ್ನಿಸಬಹುದು. ಆದರೆ ಕಾರಿನ ಕಂತು ಕಟ್ಟುವುದು ಬಹಳ ಮನೆಗಳಲ್ಲಿ ಹಾಲಿನ ಬಟವಾಡೆಯಿಂದಲೇ. ಆ ಕಂತು ಕೊನೆಗೆ ಹಸುವಿನ ಹಿಂಡಿಯ ಮೇಲೆ, ಖನಿಜ ಮಿಶ್ರಣದ ಮೇಲೆ, ಮನೆಯ ಹೆಂಗಸರ ದುಡಿಮೆಯ ಮೇಲೆ ಬೀಳುತ್ತದೆ. ಆದ್ದರಿಂದ ಇದು ನಮ್ಮ ಪತ್ರಿಕೆಯಲ್ಲೇ ಮಾತಾಡಬೇಕಾದ ವಿಷಯ.

ಹಸು ಕೊಳ್ಳುವಾಗ ನಾವು ಎರಡು ಲೆಕ್ಕ ಮಾಡುತ್ತೇವೆ. ಕೊಳ್ಳುವ ಬೆಲೆ ಒಂದು, ದಿನದಿನದ ಮೇವಿನ ಖರ್ಚು ಇನ್ನೊಂದು. ಕಾರಿಗೂ ಇದೇ ಎರಡು ಲೆಕ್ಕ. ಪೆಟ್ರೋಲ್ ಕಾರು ಕೊಳ್ಳಲು ಅಗ್ಗ, ಸಾಕಲು ದುಬಾರಿ. ಬ್ಯಾಟರಿ ಕಾರು ಕೊಳ್ಳಲು ದುಬಾರಿ, ಸಾಕಲು ಅಗ್ಗ. ನಿಮ್ಮ ಮನೆಗೆ ಯಾವುದು ಸರಿ ಎಂಬುದನ್ನು ತೀರ್ಮಾನಿಸುವುದು ಗಾಡಿ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಒಂದೇ ಸಂಖ್ಯೆ.

ಬ್ಯಾಟರಿ ಕಾರು ಹೊಸದೇನಲ್ಲ

ಬ್ಯಾಟರಿ ಕಾರು ವಿದೇಶದಿಂದ ನಿನ್ನೆ ಮೊನ್ನೆ ಬಂದದ್ದು ಎಂದು ಕೆಲವರು ತಿಳಿದಿದ್ದಾರೆ. ನಮ್ಮ ಬೆಂಗಳೂರಿನಲ್ಲೇ ಚೇತನ್ ಮೈನಿ ಅವರ ಕಂಪನಿ 2001ರಲ್ಲಿ 'ರೇವಾ' ಎಂಬ ಪುಟ್ಟ ಬ್ಯಾಟರಿ ಕಾರನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದದ್ದು ಸೀಸದ ಬ್ಯಾಟರಿ. ತೂಕ ಹೆಚ್ಚು, ಓಡುವ ದೂರ ಕಡಿಮೆ. ಹಾಗಾಗಿ ಅದು ಪಟ್ಟಣದೊಳಗಿನ ಕಾರಾಗಿಯೇ ಉಳಿಯಿತು. 2010ರಲ್ಲಿ ಮಹೀಂದ್ರ ಕಂಪನಿ ಅದನ್ನು ಕೊಂಡುಕೊಂಡಿತು. ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯವೂ ಕರ್ನಾಟಕ.

ಈಗಿನ ಗಾಡಿಗಳಲ್ಲಿರುವುದು ಲಿಥಿಯಂ ಬ್ಯಾಟರಿ. ನಮ್ಮ ಮೊಬೈಲ್ ಫೋನಿನಲ್ಲಿರುವುದರ ಜಾತಿಯದೇ, ಗಾತ್ರ ಮಾತ್ರ ಬಹಳ ದೊಡ್ಡದು. ಬ್ಯಾಟರಿಯಿಂದ ಕರೆಂಟು ಮೋಟರಿಗೆ ಹೋಗುತ್ತದೆ, ಮೋಟರು ಚಕ್ರ ತಿರುಗಿಸುತ್ತದೆ. ಇಂಜಿನ್ ಆಯಿಲ್ ಇಲ್ಲ, ಸೈಲೆನ್ಸರ್ ಇಲ್ಲ, ಕ್ಲಚ್ ಇಲ್ಲ. ಸವೆಯುವ ಭಾಗಗಳು ಕಡಿಮೆ ಇರುವುದರಿಂದ ಸರ್ವಿಸ್ ಖರ್ಚೂ ಕಡಿಮೆ. ಆದರೆ ಇಡೀ ಗಾಡಿಯಲ್ಲಿ ಅತಿ ದುಬಾರಿ ಭಾಗ ಆ ಬ್ಯಾಟರಿಯೇ ಎಂಬುದನ್ನು ಮರೆಯಬಾರದು.

ಓಡಿಸುವ ಖರ್ಚು

ಲೆಕ್ಕ ಸುಲಭವಾಗಲಿ ಎಂದು ಕೆಲವು ಸಂಖ್ಯೆಗಳನ್ನು ಹಿಡಿದುಕೊಳ್ಳೋಣ. ಪೆಟ್ರೋಲ್ ಲೀಟರಿಗೆ 103 ರೂಪಾಯಿ. ಕರೆಂಟು ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ. ದರ ಬದಲಾದರೆ ಸಂಖ್ಯೆ ಬದಲಿಸಿಕೊಳ್ಳಿ, ಲೆಕ್ಕದ ದಾರಿ ಇದೇ.

ಸಣ್ಣ ಪೆಟ್ರೋಲ್ ಕಾರು ನಮ್ಮ ರಸ್ತೆಗಳಲ್ಲಿ ಲೀಟರಿಗೆ ಸುಮಾರು 18 ಕಿ.ಮೀ. ಕೊಡುತ್ತದೆ ಎಂದುಕೊಂಡರೆ ಕಿಲೋಮೀಟರಿಗೆ 5 ರೂಪಾಯಿ 70 ಪೈಸೆ ಆಗುತ್ತದೆ. ಸಣ್ಣ ಬ್ಯಾಟರಿ ಕಾರು ಒಂದು ಯೂನಿಟ್‌ಗೆ ಸುಮಾರು 7 ಕಿ.ಮೀ. ಓಡುತ್ತದೆ. ಅಂದರೆ ಕಿಲೋಮೀಟರಿಗೆ 1 ರೂಪಾಯಿ. ಪ್ರತಿ ಕಿಲೋಮೀಟರಿಗೆ ಉಳಿಯುವುದು 4 ರೂಪಾಯಿ 70 ಪೈಸೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಎಲ್ಲರೂ ಬ್ಯಾಟರಿ ಕಾರನ್ನೇ ಕೊಳ್ಳಬೇಕು. ಷೋರೂಮಿನಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಾವು ಮುಂದಿನ ಲೆಕ್ಕವನ್ನೂ ಮಾಡೋಣ.

ಕೊಳ್ಳುವ ಖರ್ಚು

ಒಂದೇ ಅಳತೆಯ ಎರಡು ಸಣ್ಣ ಕಾರುಗಳಲ್ಲಿ ಪೆಟ್ರೋಲ್‌ದು 7 ಲಕ್ಷ, ಬ್ಯಾಟರಿಯದು 10 ಲಕ್ಷ ಎಂದಿಟ್ಟುಕೊಳ್ಳಿ. ಬ್ಯಾಟರಿ ಕಾರಿಗೆ ಜಿಎಸ್‌ಟಿ ಶೇ 5 ಮಾತ್ರ. ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸ್ವಂತ ಬಳಕೆಯ ಕಾರಿಗೆ ಸಹಾಯಧನ ಇಲ್ಲ. "ಸಬ್ಸಿಡಿ ಬರುತ್ತೆ" ಎಂದು ಯಾರಾದರೂ ಹೇಳಿದರೆ ಯಾವ ಯೋಜನೆ ಎಂದು ಕೇಳಿ, ಬರಹದಲ್ಲಿ ಪಡೆಯಿರಿ.

ವ್ಯತ್ಯಾಸ 3 ಲಕ್ಷ. ಶೇ 10ರ ಬಡ್ಡಿಗೆ 5 ವರ್ಷದ ಸಾಲ ಮಾಡಿದರೆ ಪ್ರತಿ ಲಕ್ಷಕ್ಕೆ ತಿಂಗಳಿಗೆ ಸುಮಾರು 2,125 ರೂಪಾಯಿ ಕಂತು. ಆ ಹೆಚ್ಚುವರಿ 3 ಲಕ್ಷಕ್ಕೇ ತಿಂಗಳಿಗೆ 6,375 ರೂಪಾಯಿ. ಈ ಹಣವನ್ನು ಪೆಟ್ರೋಲ್ ಉಳಿತಾಯ ತುಂಬಿಕೊಡುತ್ತದೆಯೇ ಎಂಬುದೇ ಪ್ರಶ್ನೆ.

ಮೊದಲನೆಯ ಮನೆ: ಕಾರು ವಾರಕ್ಕೊಮ್ಮೆ ಸಂತೆಗೆ, ಮದುವೆ ಮುಂಜಿಗೆ, ನಂಜನಗೂಡಿನ ದೇವಸ್ಥಾನಕ್ಕೆ. ತಿಂಗಳಿಗೆ 300 ಕಿ.ಮೀ. ಉಳಿತಾಯ ಸುಮಾರು 1,400 ರೂಪಾಯಿ. ಹೆಚ್ಚುವರಿ ಕಂತು 6,375. ಇಲ್ಲಿ ಬ್ಯಾಟರಿ ಕಾರು ನಷ್ಟ.

ಎರಡನೆಯ ಮನೆ: ಮಗನೋ ಮಗಳೋ ದಿನಾ ಮೈಸೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ., ಹೋಗಿ ಬರಲು 50. ತಿಂಗಳಿಗೆ 26 ದಿನವೆಂದರೆ 1,300 ಕಿ.ಮೀ. ಉಳಿತಾಯ ಸುಮಾರು 6,100 ರೂಪಾಯಿ. ಸರ್ವಿಸ್‌ನಲ್ಲಿ ಉಳಿಯುವುದನ್ನೂ ಸೇರಿಸಿದರೆ ಹೆಚ್ಚುಕಡಿಮೆ ಸಮ. ಐದು ವರ್ಷ ಕಳೆದು ಕಂತು ತೀರಿದ ಮೇಲೆ ಉಳಿತಾಯವೆಲ್ಲ ಲಾಭ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತಾರೆ.

ಮೂರನೆಯ ಮನೆ: ಒಳಗಿನ ಊರಿನಿಂದ ಮೈಸೂರಿಗೆ ದಿನಾ 60 ಕಿ.ಮೀ. ಓಡಾಟ, ಅಥವಾ ಕಾರನ್ನು ಬಾಡಿಗೆಗೆ ಓಡಿಸುವವರು. ಇಲ್ಲಿ ಮೊದಲ ತಿಂಗಳಿಂದಲೇ ಬ್ಯಾಟರಿ ಕಾರಿನದೇ ಮೇಲುಗೈ.

ದಿನಕ್ಕೆ 50 ಕಿಲೋಮೀಟರಿಗಿಂತ ಕಡಿಮೆ ಓಡುವ, ಸಾಲದ ಮೇಲೆ ಕೊಳ್ಳುವ ಕಾರಿಗೆ ಈ ಬೆಲೆಗಳಲ್ಲಿ ಬ್ಯಾಟರಿ ಹೊಂದುವುದು ಕಷ್ಟ ಎಂಬುದೇ ಈ ಲೆಕ್ಕದ ಸಾರ.

ಕಂತನ್ನು ಲೀಟರಿನಲ್ಲಿ ಅಳೆಯಿರಿ

ಈಗ ಇಡೀ ಕಂತನ್ನು ನೋಡೋಣ. 2 ಲಕ್ಷ ಕೈಯಿಂದ ಹಾಕಿ ಉಳಿದದ್ದಕ್ಕೆ ಸಾಲ ಮಾಡಿದರೆ ಬ್ಯಾಟರಿ ಕಾರಿಗೆ ತಿಂಗಳಿಗೆ 17,000 ರೂಪಾಯಿ, ಪೆಟ್ರೋಲ್ ಕಾರಿಗೆ 10,625 ರೂಪಾಯಿ. ಹಾಲು ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ಬ್ಯಾಟರಿ ಕಾರಿನ ಕಂತು ದಿನಕ್ಕೆ 16 ಲೀಟರ್ ಹಾಲು, ಪೆಟ್ರೋಲ್ ಕಾರಿನದು ದಿನಕ್ಕೆ 10 ಲೀಟರ್.

ಹದಿನಾರು ಲೀಟರ್ ಎಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಎರಡು ಮಿಶ್ರತಳಿ ಹಸುಗಳು ಎರಡು ಹೊತ್ತು ಕೊಡುವ ಇಡೀ ಹಾಲು. ಅದೂ ಮೇವಿನ ಖರ್ಚು ಕಳೆಯದೆ. ಹಾಲು ಉತ್ಪಾದನೆಯ ಖರ್ಚಿನಲ್ಲಿ ಮೇವು ಮತ್ತು ಪಶು ಆಹಾರದ್ದೇ ದೊಡ್ಡ ಪಾಲು. ಅದನ್ನು ಕಳೆದು ಕೈಗೆ ಉಳಿಯುವ ಹಣದಿಂದಲೇ ಕಂತು ಕಟ್ಟಬೇಕೆಂದರೆ ಎರಡು ಹಸು ಸಾಲುವುದಿಲ್ಲ.

ಇನ್ನೊಂದು ಮಾತು. ಗಬ್ಬದ ಹಸುವನ್ನು ಕರು ಹಾಕುವ ಮುನ್ನ ಎರಡು ತಿಂಗಳು ಬತ್ತಿಸಲೇಬೇಕು. ಆ ಎರಡು ತಿಂಗಳೂ ಕಂತು ಬತ್ತುವುದಿಲ್ಲ. ಕಂತಿನ ಒತ್ತಡಕ್ಕೆ ಹಸುವನ್ನು ಬತ್ತಿಸದೆ ಕರೆಯುತ್ತಾ ಹೋದರೆ ಮುಂದಿನ ಸೂಲಿನ ಹಾಲೇ ಕಡಿಮೆಯಾಗುತ್ತದೆ. ಕಾಲುಬಾಯಿ ಜ್ವರ ಬಂದರೆ, 2022ರಲ್ಲಿ ಬಂದಂತೆ ಚರ್ಮಗಂಟು ರೋಗ ಬಂದರೆ ಹಾಲು ಇಳಿಯುತ್ತದೆ, ಬ್ಯಾಂಕಿನ ತಾರೀಖು ಇಳಿಯುವುದಿಲ್ಲ. ಹಿಂಡಿ ಕಡಿಮೆ ಮಾಡಿ ಕಂತು ಕಟ್ಟಿದ ಮನೆಗಳ ಹಸುಗಳನ್ನು ನೋಡಿದರೆ ನಮಗೆ ಗೊತ್ತಾಗುತ್ತದೆ. ಪಕ್ಕೆಲುಬು ಎದ್ದಿರುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ, ಕೃತಕ ಗರ್ಭಧಾರಣೆ ಎರಡು ಮೂರು ಸಲ ಮಾಡಿದರೂ ಗಬ್ಬ ನಿಲ್ಲುವುದಿಲ್ಲ.

ಆದ್ದರಿಂದ ಕಾಗದಕ್ಕೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿ. ಗಾಡಿಯ ಆರ್‌ಸಿ ಯಾರ ಹೆಸರಿಗೆ? ಕಂತು ಯಾರ ಖಾತೆಯಿಂದ? ಗಾಡಿ ಒಬ್ಬರ ಹೆಸರಿಗೆ, ಕಂತು ನಿಮ್ಮ ಹಾಲಿನ ಖಾತೆಯಿಂದ ಎಂದಾದರೆ ಬೆಲೆ ಎಷ್ಟು, ಕಂತು ಎಷ್ಟು, ಎಷ್ಟು ವರ್ಷ ಎಂಬುದನ್ನೆಲ್ಲ ತಿಳಿಯುವ ಪೂರ್ತಿ ಹಕ್ಕು ನಿಮಗಿದೆ.

ಗೃಹಜ್ಯೋತಿ ಇದೆಯಲ್ಲ, ಚಾರ್ಜು ಪುಕ್ಕಟೆ ಅಲ್ಲವೇ?

ಬಹಳ ಮಂದಿ ಹೀಗೆ ತಿಳಿದಿದ್ದಾರೆ. ಪೂರ್ತಿ ನಿಜವಲ್ಲ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದಿಲ್ಲ. 2022-23ನೇ ಸಾಲಿನಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದರ ಮೇಲೆ ಶೇ 10 ಸೇರಿಸಿದ್ದು ನಿಮ್ಮ ಪಾಲು ಎಂಬುದು ಯೋಜನೆಯ ಮೂಲ ಲೆಕ್ಕ. ಅದಕ್ಕಿಂತ ಹೆಚ್ಚಾದ ಯೂನಿಟ್‌ಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು.

ಉದಾಹರಣೆಗೆ ನಿಮ್ಮ ಮನೆಯ ಸರಾಸರಿ 60 ಯೂನಿಟ್ ಇದ್ದರೆ ಪಾಲು 66. ಕಾರು ತಿಂಗಳಿಗೆ 300 ಕಿ.ಮೀ. ಓಡಿದರೆ 43 ಯೂನಿಟ್ ಬೇಕು. ಒಟ್ಟು 103. ಹೆಚ್ಚಾದ 37 ಯೂನಿಟ್‌ಗೆ ಬಿಲ್ಲು ಬರುತ್ತದೆ. ದಿನಾ ಮೈಸೂರಿಗೆ ಓಡುವ ಕಾರಿಗೆ ಸುಮಾರು 186 ಯೂನಿಟ್ ಬೇಕು. ಮನೆಯದೂ ಸೇರಿ 246. ಆಗ ದೀಪ, ಮಿಕ್ಸಿ, ಟಿವಿಯ ಪುಕ್ಕಟೆ ಕರೆಂಟೂ ಹೋಗುತ್ತದೆ. ಆ 60 ಯೂನಿಟ್‌ನ 420 ರೂಪಾಯಿಯನ್ನು ಮೇಲಿನ ಉಳಿತಾಯದಲ್ಲಿ ಕಳೆದು ನೋಡಿ.

ಪಂಪ್‌ಸೆಟ್‌ನ ಕರೆಂಟಿನಿಂದ ಗಾಡಿ ಚಾರ್ಜ್ ಮಾಡುವ ಯೋಚನೆ ಬೇಡವೇ ಬೇಡ. ಅದು ನೀರಾವರಿಗೆಂದು ಕೊಟ್ಟ ಸಂಪರ್ಕ. ಬೇರೆ ಕೆಲಸಕ್ಕೆ ಬಳಸಿದರೆ ಚಾಮುಂಡೇಶ್ವರಿ ವಿದ್ಯುತ್ ನಿಗಮ ದಂಡ ಹಾಕಬಹುದು.

ಕೊಟ್ಟಿಗೆಯಲ್ಲಿ ಚಾರ್ಜ್ ಮಾಡಬೇಡಿ

ಇದು ನಾನು ಪಶುವೈದ್ಯಾಧಿಕಾರಿಯಾಗಿ ಒತ್ತಿ ಹೇಳುವ ಮಾತು. ನಮ್ಮ ಊರುಗಳಲ್ಲಿ ಗಾಡಿ ನಿಲ್ಲಿಸಲು ನೆರಳಿರುವುದು ಬಹಳ ಸಲ ಕೊಟ್ಟಿಗೆಯಲ್ಲೇ. ಪೆಟ್ರೋಲ್ ಗಾಡಿ ನಿಲ್ಲಿಸಿದಂತೆ ಬ್ಯಾಟರಿ ಗಾಡಿಯನ್ನೂ ಅಲ್ಲೇ ನಿಲ್ಲಿಸಿ, ಬಲ್ಬಿನ ವೈರಿನಿಂದ ಒಂದು ಎಳೆ ಎಳೆದು ಚಾರ್ಜಿಗೆ ಹಾಕಿದರೆ ಅಪಾಯ ಹಸುವಿಗೆ.

ಹಸು ಒದ್ದೆ ನೆಲದ ಮೇಲೆ ನಾಲ್ಕು ಬರಿಗಾಲಲ್ಲಿ ನಿಂತಿರುತ್ತದೆ. ಕಬ್ಬಿಣದ ಸರಪಳಿ, ಕಬ್ಬಿಣದ ಗೂಟ, ಗಂಜಲ, ನೀರು ಎಲ್ಲವೂ ಕರೆಂಟಿಗೆ ದಾರಿ. ಅದರ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವುದರಿಂದ ನೆಲದಲ್ಲಿ ಸೋರುವ ಕರೆಂಟು ಅದರ ಮೈಯೊಳಗೇ ಹಾದುಹೋಗುತ್ತದೆ. ಚಪ್ಪಲಿ ಹಾಕಿದ ನಮಗೆ ಏನೂ ಗೊತ್ತಾಗದ ಕೆಲವೇ ವೋಲ್ಟ್ ಹಸುವಿಗೆ ಚುಚ್ಚುತ್ತದೆ. ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂಜರಿಯುವುದು, ಕರೆಯುವಾಗ ಒದೆಯುವುದು, ಹಾಲು ಇಳಿಸದೆ ಹಿಡಿದುಕೊಳ್ಳುವುದು ಇದರ ಲಕ್ಷಣ. ಸೋರಿಕೆ ಹೆಚ್ಚಾದರೆ ಹಸು ನಿಂತಲ್ಲೇ ಸಾಯಬಹುದು. ಜೊತೆಗೆ ಹುಲ್ಲಿನ ಮೆದೆ ಪಕ್ಕದಲ್ಲಿದ್ದರೆ ಒಂದು ಕಿಡಿ ಸಾಕು. ಕೊಟ್ಟಿಗೆಯ ತೇವ ಮತ್ತು ಗಂಜಲದ ಆವಿ ಪ್ಲಗ್ಗು, ವೈರುಗಳನ್ನೂ ಬೇಗ ತಿನ್ನುತ್ತದೆ.

ಏನು ಮಾಡಬೇಕು?

- ಚಾರ್ಜಿಂಗ್ ಪಾಯಿಂಟನ್ನು ಕೊಟ್ಟಿಗೆ ಮತ್ತು ಹುಲ್ಲಿನ ಮೆದೆಯಿಂದ ದೂರ, ಮನೆಯ ಗೋಡೆಗೆ, ಮಳೆ ತಾಗದ ಕಡೆ ಹಾಕಿಸಿ.
- ಕಾರಿಗೆ 15 ಆಂಪಿಯರ್ ಸಾಕೆಟ್, ಮೀಟರಿನಿಂದ ನೇರ ಬರುವ ದಪ್ಪ ವೈರು ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಬೇಡಿ.
- ಅರ್ಥಿಂಗ್ ಸರಿಯಿದೆಯೇ ಎಂದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿ. ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಇದು ಗಾಡಿ ಇಲ್ಲದ ಮನೆಗೂ ಒಳ್ಳೆಯದು.
- ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿ. ಸಣ್ಣ ಕಾರಿನ ಚಾರ್ಜರೇ ಸುಮಾರು 3 ಕಿಲೋವಾಟ್ ಎಳೆಯುತ್ತದೆ. ನಿಮ್ಮದು 1 ಕಿಲೋವಾಟ್ ಇದ್ದರೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಬೇಕು. ಅದಕ್ಕೂ ಖರ್ಚಿದೆ, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ದೂರ, ರಾತ್ರಿ ಮತ್ತು ಮಳೆ

24 ಯೂನಿಟ್ ಹಿಡಿಯುವ ಬ್ಯಾಟರಿಯ ಸಣ್ಣ ಕಾರು ತುಂಬಿಸಿದರೆ ನಿಜವಾದ ಓಡಾಟದಲ್ಲಿ ಸುಮಾರು 180 ಕಿ.ಮೀ. ಹೋಗುತ್ತದೆ. ಜಾಹೀರಾತಿನಲ್ಲಿ ಬರೆದಿರುವ ಸಂಖ್ಯೆ ಇದಕ್ಕಿಂತ ದೊಡ್ಡದಿರುತ್ತದೆ. ಹೊರೆ, ಎಸಿ, ವೇಗ ಎಲ್ಲವೂ ದೂರವನ್ನು ಕಡಿಮೆ ಮಾಡುತ್ತವೆ. ಮೈಸೂರು, ತಿ.ನರಸೀಪುರ, ಗುಂಡ್ಲುಪೇಟೆಗೆ ಹೋಗಿ ಬರಲು ಧಾರಾಳವಾಗಿ ಸಾಕು. ಬೆಂಗಳೂರಿಗೆ ಹೋಗಿ ಅದೇ ದಿನ ಬರಬೇಕೆಂದರೆ ನಡುವೆ ಚಾರ್ಜ್ ಮಾಡಲೇಬೇಕು.

ಮನೆಯ ಸಾಕೆಟ್‌ನಲ್ಲಿ ಪೂರ್ತಿ ತುಂಬಲು ಎಂಟರಿಂದ ಹತ್ತು ಗಂಟೆ ಬೇಕು. ರಾತ್ರಿಯ ಕರೆಂಟು ಕೈಕೊಟ್ಟರೆ ಬೆಳಿಗ್ಗೆ ಅರ್ಧ ಚಾರ್ಜಿನಲ್ಲೇ ಹೊರಡಬೇಕು. ಪೆಟ್ರೋಲ್ ಕಾರಿಗೆ ಐದು ನಿಮಿಷ ಸಾಕು. ಈ ವಿಷಯದಲ್ಲಿ ಪೆಟ್ರೋಲ್ ಕಾರೇ ಮೇಲು, ಅದನ್ನು ಒಪ್ಪಬೇಕು.

ಹೆರಿಗೆ ನೋವು, ಹಾವು ಕಡಿತ, ಎದೆನೋವು ಹೇಳಿ ಕೇಳಿ ಬರುವುದಿಲ್ಲ. ಬೇಸಿಗೆಗೆಂದು ಒಣಹುಲ್ಲು ಎತ್ತಿಡುವಂತೆ ಬ್ಯಾಟರಿಯಲ್ಲೂ ಯಾವಾಗಲೂ ಶೇ 40 ಉಳಿಸಿಟ್ಟಿರಬೇಕು. ಅಷ್ಟಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿ ಬರಬಹುದು.

ಕಪಿಲೆ ಉಕ್ಕಿದ ದಿನಗಳೂ ನಮಗೆ ಗೊತ್ತಿವೆ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಬಳಿ ಮೈಸೂರು ರಸ್ತೆಯ ಮೇಲೇ ನೀರು ಬಂದಿತ್ತು. ನೀರಲ್ಲಿ ಮುಳುಗಿದ ಬ್ಯಾಟರಿ ಗಾಡಿಯನ್ನು ಒಣಗಿತೆಂದು ಚಾರ್ಜಿಗೆ ಹಾಕಬೇಡಿ. ಕಂಪನಿಯ ಸರ್ವಿಸ್‌ನವರು ಪರೀಕ್ಷಿಸಿದ ಮೇಲೆಯೇ ಹಾಕಬೇಕು.

ಸ್ಕೂಟರಿನ ಕಥೆ ಬೇರೆ

ಕಾರಿಗೆ ಹೇಳಿದ್ದನ್ನು ಸ್ಕೂಟರಿಗೆ ಹೇಳಲಾಗದು. ಪೆಟ್ರೋಲ್ ಸ್ಕೂಟರು ಲೀಟರಿಗೆ 45 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ. ಬ್ಯಾಟರಿ ಸ್ಕೂಟರು ಒಂದು ಯೂನಿಟ್‌ಗೆ ಸುಮಾರು 30 ಕಿ.ಮೀ. ಓಡುವುದರಿಂದ ಕಿಲೋಮೀಟರಿಗೆ 25 ಪೈಸೆಯೂ ಬೀಳುವುದಿಲ್ಲ. ಡೇರಿಗೆ ಎರಡು ಹೊತ್ತು, ಮೇವಿಗೆ ಹೊಲಕ್ಕೆ, ಮಕ್ಕಳ ಶಾಲೆಗೆ ಎಂದು ದಿನಕ್ಕೆ 20 ಕಿ.ಮೀ. ಓಡಿದರೆ ತಿಂಗಳಿಗೆ 1,200 ರೂಪಾಯಿಗೂ ಮೇಲೆ ಉಳಿಯುತ್ತದೆ. ಬೆಲೆಯಲ್ಲಿ 20,000 ವ್ಯತ್ಯಾಸವಿದ್ದರೂ ಒಂದೂವರೆ ವರ್ಷದೊಳಗೆ ಹುಟ್ಟುತ್ತದೆ. ತಿಂಗಳಿಗೆ ಬೇಕಾಗುವುದು ಸುಮಾರು 20 ಯೂನಿಟ್, ಹೆಚ್ಚುವರಿ ಲೋಡ್ ಬೇಕಾಗುವುದೂ ಅಪರೂಪ. ಕ್ಲಚ್ಚು ಗೇರಿಲ್ಲದ್ದರಿಂದ ಹೊಸದಾಗಿ ಕಲಿಯುವ ಹೆಂಗಸರಿಗೂ ಸುಲಭ.

ಎರಡು ಎಚ್ಚರಿಕೆ. ಗಂಟೆಗೆ 25 ಕಿ.ಮೀ. ವೇಗ ಮೀರದ, 250 ವಾಟ್‌ವರೆಗಿನ ಸಣ್ಣ ಗಾಡಿಗಳಿಗೆ ನೋಂದಣಿಯೂ ಲೈಸೆನ್ಸೂ ಬೇಡ. ಆದರೆ ತುಂಬಿದ ಹಾಲಿನ ಕ್ಯಾನು ಹೊತ್ತು ಏರು ಹತ್ತುವ ಶಕ್ತಿ ಅವಕ್ಕಿಲ್ಲ. ಎರಡನೆಯದು, 2022ರಲ್ಲಿ ಕೆಲವು ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿಯ ಸುರಕ್ಷತಾ ನಿಯಮ ಬಿಗಿಯಾಗಿದೆ. ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿ, ಬಿಸಿಲಲ್ಲಿ ಓಡಿ ಬಂದ ಗಾಡಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ.

ಹೊಗೆಯ ಮಾತು

ಬ್ಯಾಟರಿ ಗಾಡಿ ಊರಿನಲ್ಲಿ ಹೊಗೆ ಬಿಡುವುದಿಲ್ಲ. ಆದರೆ ಅದರ ಕರೆಂಟು ಎಲ್ಲಿಂದ ಬಂತು ಎಂದು ಕೇಳುವವರ ಮಾತಿನಲ್ಲೂ ಹುರುಳಿದೆ. ರಾಯಚೂರಿನ ಕಲ್ಲಿದ್ದಲ ಕರೆಂಟೂ ಇದರಲ್ಲಿ ಸೇರಿದೆ, ಶರಾವತಿಯ ನೀರಿನ ಕರೆಂಟೂ ಪಾವಗಡದ ಬಿಸಿಲಿನ ಕರೆಂಟೂ ಸೇರಿವೆ. ನಮ್ಮ ರಾಜ್ಯದಲ್ಲಿ ನೀರು, ಗಾಳಿ, ಬಿಸಿಲಿನ ಪಾಲು ದೊಡ್ಡದಿರುವುದರಿಂದ ಒಟ್ಟಾರೆ ಹೊಗೆ ಕಡಿಮೆಯೇ. ಇತ್ತ ಪೆಟ್ರೋಲಿಗೆ ಈಗ ಶೇ 20ರಷ್ಟು ಎಥನಾಲ್ ಬೆರೆಸುತ್ತಾರೆ. ಅದನ್ನು ಕಬ್ಬಿನ ಜೊತೆಗೆ ಮುಸುಕಿನ ಜೋಳದಿಂದಲೂ ಮಾಡುತ್ತಾರೆ. ಜೋಳ ನಮ್ಮ ಪಶು ಆಹಾರದ ಮುಖ್ಯ ಸಾಮಗ್ರಿ. ಅಂದರೆ ಗಾಡಿಯ ಟ್ಯಾಂಕೂ ಹಸುವಿನ ಗೋದಲಿಯೂ ಈಗ ಒಂದೇ ಜೋಳವನ್ನು ಕೇಳುತ್ತಿವೆ.

ಕೊಳ್ಳುವ ಮುನ್ನ

1. ಒಂದು ತಿಂಗಳು ಮನೆಯವರ ಓಡಾಟವನ್ನೆಲ್ಲ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಟ್ಟು ಕಿಲೋಮೀಟರ್ ಕೂಡಿ.
2. ತಿಂಗಳಿಗೆ 1,300 ಕಿಲೋಮೀಟರಿಗಿಂತ ಬಹಳ ಕಡಿಮೆ ಇದ್ದರೆ ಬ್ಯಾಟರಿ ಕಾರಿಗೆ ಅವಸರ ಬೇಡ. 300 ಕೂಡ ಇಲ್ಲದಿದ್ದರೆ ಯಾವ ಕಾರೂ ಬೇಕೇ ಎಂದು ಕೇಳಿಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ವರ್ಷಕ್ಕೆ ನಾಲ್ಕು ಸಲ ಬಾಡಿಗೆ ಕಾರು ಮಾಡಿದರೂ ಒಂದು ತಿಂಗಳ ಕಂತಿನ ಸುತ್ತಮುತ್ತ ಮುಗಿಯುತ್ತದೆ.
3. ಕಂತನ್ನು ಹಾಲಿನ ಲೀಟರಿಗೆ ತಿರುಗಿಸಿ. ಒಂದು ಹಸು ಬತ್ತಿದ್ದಾಗಲೂ ಕಟ್ಟಲು ಸಾಧ್ಯವೇ ನೋಡಿ.
4. ಬ್ಯಾಟರಿ ವಾರಂಟಿ ಎಷ್ಟು ವರ್ಷ, ಸರ್ವಿಸ್ ಕೇಂದ್ರ ಎಲ್ಲಿದೆ, ಹೊಸ ಬ್ಯಾಟರಿಗೆ ಎಷ್ಟು, ಇವುಗಳನ್ನು ಬರಹದಲ್ಲಿ ಪಡೆಯಿರಿ. ರಸ್ತೆ ತೆರಿಗೆ ಎಷ್ಟೆಂದು ಆರ್‌ಟಿಒ ಕಚೇರಿಯಲ್ಲೇ ಕೇಳಿ.
5. ಲೋಡ್, ಅರ್ಥಿಂಗ್, ಚಾರ್ಜಿಂಗ್ ಜಾಗ ಮೂರೂ ಸರಿಯಾದ ಮೇಲೆ ಗಾಡಿ ತನ್ನಿ. ಗಾಡಿ ಬಂದ ಮೇಲೆ ವೈರು ಎಳೆಯುವುದು ಬೇಡ.

ಮುಡುಕುತೊರೆ ಜಾತ್ರೆಯಲ್ಲಿ ಹಲ್ಲು ನೋಡದೆ, ನಡೆಸಿ ನೋಡದೆ ಯಾರೂ ಎತ್ತು ಕೊಳ್ಳುವುದಿಲ್ಲ. ಲಕ್ಷಗಟ್ಟಲೆ ಕೊಡುವ ಕಾರನ್ನೂ ಹಾಗೆಯೇ ನೋಡಿ ಕೊಳ್ಳೋಣ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಲೆಕ್ಕವನ್ನು ನಿಮ್ಮ ಮನೆಯ ಸಂಖ್ಯೆಗಳನ್ನು ಹಾಕಿ ಒಮ್ಮೆ ಮಾಡಿ ನೋಡಿ. ಕೊಟ್ಟಿಗೆಯಲ್ಲಿ ಹಸು ನೀರು ಕುಡಿಯಲು ಹಿಂಜರಿದರೆ ಅಥವಾ ಕಾರಣವಿಲ್ಲದೆ ಹಾಲು ಹಿಡಿದುಕೊಂಡರೆ, ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಪಶು ಆಸ್ಪತ್ರೆಗೆ ತಿಳಿಸಿ.